ಜಿಮ್ನಿಗೆ, ಥಾರಿಗೆ ಯಾವ ಅಳತೆಯ ಟೈರು?

ಹೊಸ ಥಾರ್ ಅಥವಾ ಜಿಮ್ನಿ ಮನೆಗೆ ಬಂದ ಮೇಲೆ ಹೆಚ್ಚಿನವರು ಮೊದಲು ಕೈಹಾಕುವುದು ಚಕ್ರಕ್ಕೆ. ಸೀಟ್ ಕವರ್, ಮ್ಯಾಟ್ ಮುಗಿದ ಕೂಡಲೇ ಟೈರಿನಂಗಡಿಗೆ ಹೋಗುತ್ತಾರೆ. ಅಗಲದ ಟೈರು ಹಾಕಿದರೆ ಗ್ರಿಪ್ ಹೆಚ್ಚು, ಎತ್ತರದ್ದು ಹಾಕಿದರೆ ಗಾಡಿಯ ಹೊಟ್ಟೆಗೆ ಕಲ್ಲು ತಾಗುವುದಿಲ್ಲ, ದೊಡ್ಡ ಅಲಾಯ್ ಹಾಕಿದರೆ ಗಾಡಿಗೆ ಗತ್ತು ಎಂಬ ಮೂರು ಮಾತು ಅಲ್ಲಿ ಸದಾ ಕೇಳಿಬರುತ್ತವೆ. ಮೂರರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಸಸ್ಪೆನ್ಷನ್ ಎತ್ತರಿಸದ, ಗೇರಿನ ಅನುಪಾತ ಬದಲಿಸದ, ಮಡ್‌ಗಾರ್ಡ್ ಕತ್ತರಿಸದ, ಶೋರೂಮಿನಿಂದ ಬಂದ ಹಾಗೇ ಇರುವ ಗಾಡಿಗೆ ಈ ಮಾತುಗಳನ್ನು ನಂಬಿ ಹಣ ಹಾಕಿದರೆ ಸಿಗುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ. ಅಂಥ ಗಾಡಿಯ ಒಡೆಯರಿಗೆ ನನ್ನ ಸಲಹೆ ಇದು: ಟೈರಿನ ಒಟ್ಟು ಎತ್ತರ ಕಂಪನಿ ಕೊಟ್ಟದ್ದರ ಆಸುಪಾಸಿನಲ್ಲೇ ಇರಲಿ. ರಿಮ್, ಕಂಪನಿಯೇ ಆ ಮಾಡೆಲಿಗೆ ಕೊಡುವ ಅಳತೆಗಳ ಪೈಕಿ ಚಿಕ್ಕದಿರಲಿ. ಅಗಲದ ಆಸೆ ಬಿಡಿ. ಖರ್ಚು ಮಾಡುವುದೇ ಆದರೆ ಟೈರಿನ ಜಾತಿಗೆ ಮತ್ತು ಗಾಳಿ ಹಿಡಿಸುವ ಪಂಪಿಗೆ ಮಾಡಿ. ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ, ಕಾಗದ ಪೆನ್ನು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು.

ಲೆಕ್ಕಕ್ಕೆ ಮೊದಲು ಟೈರಿನ ಮೈಮೇಲಿನ ಬರಹ ಓದಲು ಬರಬೇಕು. 2023ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ ಟೈರಿನ ಮೇಲೆ 195/80 ಆರ್ 15 ಎಂದಿರುತ್ತದೆ. 195 ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. 80 ಎಂದರೆ ರಿಮ್ಮಿನ ಅಂಚಿನಿಂದ ಟ್ರೆಡ್ಡಿನವರೆಗಿನ ರಬ್ಬರ್ ಗೋಡೆ, ಅಂದರೆ ಸೈಡ್‌ವಾಲ್, ಅಗಲದ ಶೇಕಡಾ 80ರಷ್ಟು ಎತ್ತರವಿದೆ ಎಂದರ್ಥ. ಇಲ್ಲಿ ಅದು 156 ಮಿ.ಮೀ. ಆರ್ ಎಂದರೆ ರೇಡಿಯಲ್ ಟೈರು. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ, ಒಂದಿಂಚಿಗೆ 25.4 ಮಿ.ಮೀ. ಹಿಡಿದರೆ 381 ಮಿ.ಮೀ. ರಿಮ್ಮಿನ ಮೇಲಿನ ಗೋಡೆ, ಕೆಳಗಿನ ಗೋಡೆ ಎರಡನ್ನೂ ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ 693 ಮಿ.ಮೀ. ಬರುತ್ತದೆ. ಗೇರಿನ ಅನುಪಾತ, ಬ್ರೇಕಿನ ಬಲ, ಸ್ಪೀಡೋಮೀಟರ್, ಮಡ್‌ಗಾರ್ಡಿನ ಒಳಜಾಗ ಎಲ್ಲವನ್ನೂ ಎಂಜಿನಿಯರುಗಳು ಹೊಂದಿಸಿರುವುದು ಈ ಒಂದು ಸಂಖ್ಯೆಗೆ. 2020ರಲ್ಲಿ ಬಂದ ಥಾರಿಗೆ ಮಹೀಂದ್ರ ಕಂಪನಿ ಎರಡು ಅಳತೆ ಕೊಟ್ಟಿತು. ಡಿಸ್ಕ್ ವೀಲ್ ಇರುವ ಎಎಕ್ಸ್ ಮಾದರಿಗೆ 245/75 ಆರ್ 16, ಅಲಾಯ್ ಇರುವ ಎಲ್‌ಎಕ್ಸ್ ಮಾದರಿಗೆ 255/65 ಆರ್ 18. ಇದೇ ಲೆಕ್ಕದಲ್ಲಿ ಮೊದಲನೆಯದರ ವ್ಯಾಸ 774 ಮಿ.ಮೀ., ಎರಡನೆಯದರದ್ದು 789.

ಈ 255 ಅಗಲದ ಟೈರಿನಲ್ಲಿ ಒಂದು ಸೊಗಸಾದ ಗಣಿತ ಅಡಗಿದೆ, ಅದನ್ನು ಹಿಡಿದರೆ ರಿಮ್ಮಿನ ಇಡೀ ವಿಚಾರ ಬಿಡಿಸಿಕೊಳ್ಳುತ್ತದೆ. 255ರ ಶೇಕಡಾ 5 ಎಂದರೆ 12.75, ಮೇಲೆ ಕೆಳಗೆ ಸೇರಿ 25.5 ಮಿ.ಮೀ., ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದಿಂಚು. ಹೀಗಾಗಿ ರಿಮ್ಮನ್ನು ಒಂದಿಂಚು ಹಿಗ್ಗಿಸಿ ಮಧ್ಯದ ಸಂಖ್ಯೆಯನ್ನು ಐದರಷ್ಟು ಇಳಿಸಿದರೆ ಒಟ್ಟು ವ್ಯಾಸ ಕದಲುವುದೇ ಇಲ್ಲ. 255/75 ಆರ್ 16, 255/70 ಆರ್ 17, 255/65 ಆರ್ 18, 255/60 ಆರ್ 19 ಈ ನಾಲ್ಕೂ 789 ಮಿ.ಮೀ. ಎತ್ತರದ ಚಕ್ರಗಳೇ. 2024ರ ಥಾರ್ ರಾಕ್ಸ್‌ನಲ್ಲಿ ಕೆಳಗಿನ ಮಾದರಿಗೆ 18, ಮೇಲಿನ ಮಾದರಿಗೆ 19 ಇಂಚಿನ ರಿಮ್ ಬಂದದ್ದು ಈ ಜೋಡಣೆಯಿಂದಲೇ. ನೋಡುವವರ ಕಣ್ಣಿಗೆ 19 ಇಂಚಿನದು ದೊಡ್ಡ ಚಕ್ರ. ನೆಲದ ಮಟ್ಟಿಗೆ ಎರಡೂ ಒಂದೇ ಚಕ್ರ, ಗಾಡಿ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಹಾಗಾದರೆ ಆ ಒಂದಿಂಚು ಲೋಹ ಬಂದದ್ದು ಎಲ್ಲಿಂದ? ರಬ್ಬರಿನ ಗೋಡೆಯಿಂದ. 16ರಲ್ಲಿ 191 ಮಿ.ಮೀ. ಇದ್ದ ಸೈಡ್‌ವಾಲ್ 19ಕ್ಕೆ ಬರುವ ಹೊತ್ತಿಗೆ 153ಕ್ಕೆ ಇಳಿದಿರುತ್ತದೆ. ದುಡ್ಡು ಹೆಚ್ಚು ಕೊಟ್ಟು ನಾಲ್ಕು ಸೆಂಟಿಮೀಟರಿನಷ್ಟು ಗಾಳಿಯ ಜಾಗ ಕಳೆದುಕೊಂಡ ಹಾಗಾಯಿತು.

ಕಚ್ಚಾ ರಸ್ತೆಯಲ್ಲಿ ಕೆಲಸ ಮಾಡುವುದು ಆ ಗಾಳಿಯ ಜಾಗವೇ. ಕಲ್ಲಿನ ಮೇಲೆ ಚಕ್ರ ಏರುವಾಗ ಮೊದಲು ಮಣಿಯುವುದು ಟೈರು, ಅದು ಮಣಿದು ಉಳಿದ ಪೆಟ್ಟು ಮಾತ್ರ ಸ್ಪ್ರಿಂಗಿಗೆ ಹೋಗುತ್ತದೆ. ಗೋಡೆ ಗಿಡ್ಡವಾದಷ್ಟೂ ಕಲ್ಲಿನ ಚೂಪು ಬೇಗ ರಿಮ್ಮಿನ ಅಂಚಿಗೆ ತಲುಪುತ್ತದೆ. ಆಗ ಡಿಸ್ಕ್ ವೀಲಾದರೆ ಡೊಂಕಾದೀತು, ಅದನ್ನು ಬಡಿದು ನೇರ ಮಾಡಿ ಊರು ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ಸ್ಟೆಪ್ನಿಯೇ ಗತಿ. ವಾಹನ ಕಂಪನಿಗಳೂ ಇದನ್ನು ತಮ್ಮ ನಡೆಯಿಂದಲೇ ಒಪ್ಪಿಕೊಂಡಿವೆ. ಅಮೆರಿಕದಲ್ಲಿ ಜೀಪ್ ಕಂಪನಿ ತನ್ನ ರ‍್ಯಾಂಗ್ಲರ್‌ನ ನಯವಾದ ಮಾದರಿ ಸಹಾರಾಕ್ಕೆ 18 ಇಂಚಿನ ರಿಮ್ ಕೊಟ್ಟು, ಬಂಡೆ ಹತ್ತಲೆಂದೇ ಮಾಡಿದ ರೂಬಿಕಾನ್‌ಗೆ 17 ಇಂಚಿನದು ಕೊಡುತ್ತದೆ. ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ 20, 22 ಇಂಚಿನ ಅಲಾಯ್‌ಗಳ ನಡುವೆಯೂ 18 ಇಂಚಿನ ಸ್ಟೀಲ್ ರಿಮ್ ಆಯ್ಕೆಯಾಗಿ ಉಳಿದುಬಂದಿದೆ. ಬೆಲೆ ಏರಿದಂತೆ ರಿಮ್ ಹಿಗ್ಗುವ ಉದ್ಯಮದಲ್ಲಿ, ಕಾಡುದಾರಿಯ ಗಾಡಿಗೆ ಮಾತ್ರ ಕಂಪನಿಗಳೇ ರಿಮ್ ಕುಗ್ಗಿಸುತ್ತವೆ ಎಂಬುದು ಗಮನಿಸಬೇಕಾದ ಸಾಕ್ಷಿ. ಚಿಕ್ಕ ರಿಮ್ಮಿಗೂ ಒಂದು ಮಿತಿ ಇದೆ. ಅದರೊಳಗೆ ಬ್ರೇಕಿನ ಕ್ಯಾಲಿಪರ್ ಹಿಡಿಸಬೇಕು. ಆದ್ದರಿಂದ ಕಂಪನಿ ನಿಮ್ಮದೇ ಮಾಡೆಲಿನ ಯಾವುದಾದರೂ ಮಾದರಿಗೆ ಕೊಟ್ಟಿರುವ ಅತಿ ಚಿಕ್ಕ ರಿಮ್ಮಿನಲ್ಲಿ ನಿಲ್ಲಿ, ಅದಕ್ಕೂ ಕೆಳಗೆ ಇಳಿಯಬೇಡಿ. ಬೇರೆ ಮಾದರಿಯ ರಿಮ್ ಕೊಳ್ಳುವ ಮೊದಲು ಒಂದನ್ನು ಟೈರಿಲ್ಲದೆ ಹಬ್ಬಿಗೆ ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಹೆದ್ದಾರಿಯಲ್ಲಿ ದೊಡ್ಡ ರಿಮ್ಮಿನ ಗಾಡಿ ಹೆಚ್ಚು ಬಿಗಿಯಾಗಿ, ಹೇಳಿದ ಮಾತು ಕೇಳಿಕೊಂಡು ಓಡುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ನಿಜ. ಎತ್ತರದ ಸೈಡ್‌ವಾಲ್ ತಿರುವಿನಲ್ಲಿ ತುಸು ಹೊರಳುತ್ತದೆ, ಸ್ಟೀರಿಂಗಿನ ಉತ್ತರ ಒಂದು ಕ್ಷಣ ತಡವಾಗುತ್ತದೆ. ನಿಮ್ಮ ಗಾಡಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಬದುಕು ಕಳೆಯುವುದಾದರೆ 18 ಇಂಚಿನ ಅಲಾಯ್ ಬಿಚ್ಚಿ 16ಕ್ಕೆ ಬರಬೇಕಾದ ಅಗತ್ಯ ಯಾವುದೂ ಇಲ್ಲ, ಇದ್ದದ್ದನ್ನೇ ಇಟ್ಟುಕೊಳ್ಳಿ. ನಾನು ವಿರೋಧಿಸುವುದು, ಕಾಫಿ ತೋಟದ ದಾರಿಗೆ, ಮಳೆಗಾಲದ ಮಣ್ಣಿಗೆ ಎಂದು ಹೇಳಿಕೊಂಡೇ 16 ಬಿಚ್ಚಿ 20 ಹಾಕಿಸುವ ಖರ್ಚನ್ನು.

ಇನ್ನು ಅಗಲದ ಮಾತು. ಅಗಲದ ಟೈರು ನೆಲವನ್ನು ಹೆಚ್ಚು ಹಿಡಿಯುತ್ತದೆ ಎಂಬುದು ಎಷ್ಟು ಸಹಜವಾಗಿ ತೋರುತ್ತದೆಂದರೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಲೆಕ್ಕ ಬೇರೆಯದೇ ಹೇಳುತ್ತದೆ. ಜಿಮ್ನಿಯ ಖಾಲಿ ತೂಕ ಸುಮಾರು 1200 ಕೆ.ಜಿ.; ಒಂದು ಚಕ್ರದ ಪಾಲಿಗೆ ಅಂದಾಜು 300 ಕೆ.ಜಿ. ಆ ಭಾರವನ್ನು ಬಹುಪಾಲು ಹೊರುವುದು ಒಳಗಿನ ಗಾಳಿ. 30 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ 2.1 ಕೆ.ಜಿ. ಒತ್ತಡ. 300 ಕೆ.ಜಿ. ಹೊರಲು ನೆಲಕ್ಕೆ ತಾಗಬೇಕಾದ ಜಾಗ ಹೆಚ್ಚುಕಡಿಮೆ 140 ಚದರ ಸೆಂ.ಮೀ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲ. 195 ಹಾಕಿದರೂ 235 ಹಾಕಿದರೂ, ಗಾಳಿ ಅಷ್ಟೇ ಇದ್ದರೆ, ನೆಲ ತಾಗುವ ಜಾಗವೂ ಸುಮಾರು ಅಷ್ಟೇ. ಬದಲಾಗುವುದು ಅದರ ಆಕಾರ: ಕಡಿಮೆ ಅಗಲದ ಟೈರಿನದು ಉದ್ದವಾದ ಹೆಜ್ಜೆ, ಅಗಲದ ಟೈರಿನದು ಅಡ್ಡಡ್ಡವಾದ ಗಿಡ್ಡ ಹೆಜ್ಜೆ. ಈಗ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿ ನೋಡಿ. ಅದೇ ಭಾರಕ್ಕೆ 280 ಚದರ ಸೆಂ.ಮೀ. ಬೇಕಾಗುತ್ತದೆ. ಸೈಡ್‌ವಾಲಿನ ಬಿಗುವಿನಿಂದಾಗಿ ನಿಜವಾದ ಏರಿಕೆ ಇದಕ್ಕಿಂತ ತುಸು ಕಡಿಮೆ ಇರಬಹುದು, ಆದರೂ ಯಾವ ಅಗಲದ ಟೈರೂ ಕೊಡಲಾರದಷ್ಟು ಹಿಡಿತವನ್ನು ಒಂದು ವಾಲ್ವ್ ಪಿನ್ನು ಒತ್ತಿ ಪುಕ್ಕಟೆಯಾಗಿ ಪಡೆದಂತಾಯಿತು. ಗಾಳಿ ಇಳಿಸಿದಾಗ ಹೆಜ್ಜೆ ಬೆಳೆಯುವುದು ಮುಖ್ಯವಾಗಿ ಉದ್ದಕ್ಕೆ. ಉದ್ದಕ್ಕೆ ಬೆಳೆಯಲು ಗೋಡೆ ಮಣಿಯಬೇಕು, ಮಣಿಯಲು ಗೋಡೆ ಎತ್ತರವಿರಬೇಕು. ರಿಮ್ ಚಿಕ್ಕದಿರಲಿ ಎಂದು ಮೊದಲೇ ಹೇಳಿದ್ದರ ಇನ್ನೊಂದು ಕಾರಣ ಇಲ್ಲಿದೆ.

ನಮ್ಮ ನಾಡಿನ ಮಣ್ಣು ಕೂಡ ಅಗಲದ ಪರವಾಗಿಲ್ಲ. ಮಲೆನಾಡಿನ, ಕೊಡಗಿನ ತೋಟದ ದಾರಿಗಳಲ್ಲಿ ಮಳೆಗಾಲದಲ್ಲಿ ಮೇಲೆ ನಾಲ್ಕೈದು ಬೆರಳು ಜಾರುವ ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ ಇರುವುದೇ ಹೆಚ್ಚು. ಕಡಿಮೆ ಅಗಲದ ಟೈರು ಮೇಲಿನ ಕೆಸರನ್ನು ಸೀಳಿ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಅಗಲದ್ದು ಕೆಸರಿನ ಮೇಲೆಯೇ ತೇಲಿಕೊಂಡು ಜಾರುತ್ತದೆ. ಎರಡನೇ ಮಹಾಯುದ್ಧದ ವಿಲೀಸ್ ಜೀಪಿನ ಟೈರು 6.00-16, ಅಂದರೆ ಅಗಲ ಬರೀ ಆರಿಂಚು, 152 ಮಿ.ಮೀ. ಅದೇ ಅಳತೆಯ ಟೈರು ಮುಂದೆ ಮಹೀಂದ್ರದ ಹಳೆಯ ಜೀಪುಗಳಲ್ಲೂ ಬಂತು. ಮಲೆನಾಡಿನ ತೋಟಗಳಲ್ಲಿ ಗೊಬ್ಬರ, ಕಾಫಿ, ಆಳುಕಾಳುಗಳನ್ನು ದಶಕಗಳ ಕಾಲ ಹೊತ್ತ ಜೀಪುಗಳು ಓಡಿದ್ದು ಅಂಥ ಸಪೂರ ಚಕ್ರಗಳ ಮೇಲೆ. ಬಯಲುಸೀಮೆಯ ಎರೆಮಣ್ಣಿನದು ಇನ್ನೊಂದು ಬಗೆಯ ಕಷ್ಟ. ವಿಜಯಪುರ, ಕಲಬುರಗಿ ಕಡೆಯ ಹೊಲದ ದಾರಿಯಲ್ಲಿ ಮಳೆ ಬಿದ್ದ ಮೇಲೆ ಮಣ್ಣು ಪದರ ಪದರವಾಗಿ ಟೈರಿಗೆ ಮೆತ್ತಿಕೊಳ್ಳುತ್ತದೆ, ಟೈರು ಮತ್ತು ಮಡ್‌ಗಾರ್ಡಿನ ನಡುವಿನ ಸಂದು ತುಂಬಿ ಚಕ್ರ ತಿರುಗುವುದೇ ನಿಲ್ಲುವವರೆಗೆ ಬರುತ್ತದೆ. ದೊಡ್ಡ ಟೈರು ಹಾಕಿ ಆ ಸಂದನ್ನು ಮೊದಲೇ ಅರ್ಧ ಮಾಡಿಕೊಂಡವರು ಅಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಅಗಲದ ಟೈರಿನ ಪರವಾಗಿ ಹೇಳಬಹುದಾದ ಒಂದೇ ನೆಲ ಎಂದರೆ ಜೈಸಲ್ಮೇರಿನಂಥ ಕಡೆಯ ಆಳವಾದ ಸಡಿಲ ಮರಳು. ಅಲ್ಲಿಯೂ ಗಾಡಿಯನ್ನು ದಾಟಿಸುವುದು ಮುಖ್ಯವಾಗಿ ಗಾಳಿ ಇಳಿಸುವ ಕ್ರಮವೇ.

ಎತ್ತರದ ಟೈರಿನ ವಾದ ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಜಿಮ್ನಿಯ ಎರಡೂ ಆಕ್ಸಲ್‌ಗಳು, ಥಾರಿನ ಹಿಂದಿನ ಆಕ್ಸಲ್ ಇಡಿಯಾದ ದಂಡಗಳು. ಅಂಥ ಆಕ್ಸಲಿನ ನಡುವೆ ಡಿಫರೆನ್ಷಿಯಲ್‌ನ ಉಂಡೆ ಜೋತುಬಿದ್ದಿರುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇರುತ್ತದೆ, ಉಂಡೆ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತಬಲ್ಲದ್ದು ದೊಡ್ಡ ವ್ಯಾಸದ ಟೈರೊಂದೇ. ಈ ಮಾತು ಪೂರ್ತಿ ಸರಿ, ಇದನ್ನು ಹೇಳುವವರು ಗಾಡಿಯನ್ನು ಬಲ್ಲವರು. ಆದರೆ ಎಷ್ಟು ಏರುತ್ತದೆ, ಅದಕ್ಕೆ ತೆರುವ ಬೆಲೆ ಏನು ಎಂಬುದನ್ನೂ ಅವರು ಹೇಳಬೇಕು. ಟೈರಿನ ವ್ಯಾಸ ಹೆಚ್ಚಿದಷ್ಟರ ಅರ್ಧ ಮಾತ್ರ ಆಕ್ಸಲಿನ ಪಾಲಿಗೆ ಬರುತ್ತದೆ. ಜಿಮ್ನಿಗೆ ಜನ ಇಷ್ಟಪಟ್ಟು ಹಾಕಿಸುವ 215/75 ಆರ್ 15ರ ವ್ಯಾಸ 703.5 ಮಿ.ಮೀ. ಗಾಡಿ ಏರುವುದು 5 ಮಿ.ಮೀ. ಮಾತ್ರ, 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿಯಲ್ಲಿ ಅದು ಕಿರುಬೆರಳಿನ ದಪ್ಪಕ್ಕೂ ಕಡಿಮೆ. ಕಣ್ಣಿಗೆ ಕಾಣುವಷ್ಟು ಏರಬೇಕೆಂದರೆ 235/75 ಆರ್ 15 ಬೇಕು. ಅದರ ವ್ಯಾಸ 733.5, ಏರಿಕೆ 20 ಮಿ.ಮೀ. ಶೇಕಡಾ ಲೆಕ್ಕದಲ್ಲಿ ವ್ಯಾಸ 5.8 ಹೆಚ್ಚಿತು. ಗಾಡಿಯ ಉಳಿದ ಎಲ್ಲ ಭಾಗಗಳೂ ಈ 5.8ರ ಬಾಡಿಗೆ ಕಟ್ಟಬೇಕಾಗುತ್ತದೆ.

ಮೊದಲ ಕಂತು ಎಳೆತದ್ದು. ಎಂಜಿನ್ ಕೊಡುವ ತಿರುಚುಬಲ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಹಿಗ್ಗಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ, ಇಲ್ಲಿ ಶೇಕಡಾ ಐದೂವರೆ. 300 ನ್ಯೂಟನ್ ಮೀಟರ್ ಕೊಡುವ ಥಾರಿನ 2.2 ಲೀಟರ್ ಡೀಸೆಲ್ ಎಂಜಿನ್ ಇಷ್ಟು ನಷ್ಟವನ್ನು ಸಹಿಸಿಕೊಂಡೀತು. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನದು 134 ನ್ಯೂಟನ್ ಮೀಟರ್ ಮಾತ್ರ, ಅದೂ 4000 ಆರ್‌ಪಿಎಂಗೆ ಹೋದ ಮೇಲೆ. ನಾಲ್ಕು ಜನ ಕೂತು ಘಾಟಿ ಹತ್ತುವಾಗ ಅದಕ್ಕೆ ಎರಡನೇ ಗೇರಿನಲ್ಲಿ ಉಸಿರು ಸಾಲದೆ ಮೊದಲಕ್ಕೆ ಇಳಿಯಬೇಕಾಗುತ್ತದೆ. ಲೋ ರೇಂಜಿನಲ್ಲಿ ಇಳಿಜಾರು ಇಳಿಯುವಾಗ ಎಂಜಿನ್ನು ಹಿಡಿದಿಡುವ ಬಲವೂ ಅಷ್ಟೇ ಕಡಿಮೆಯಾಗುತ್ತದೆ. ಬ್ರೇಕಿಗೂ ಇದೇ ಲೆಕ್ಕ: ಕ್ಯಾಲಿಪರ್ ಹಿಂಡುವ ಬಲ ಬದಲಾಗಲಿಲ್ಲ, ತಡೆಯಬೇಕಾದ ಚಕ್ರದ ತೋಳು ಉದ್ದವಾಯಿತು. ಮೇಲಿಂದ ದೊಡ್ಡ ಟೈರು ಭಾರವೂ ಹೌದು, ಆ ಭಾರವೆಲ್ಲ ಚಕ್ರದ ಹೊರ ಅಂಚಿನಲ್ಲಿ ಇರುತ್ತದೆ. ತಿರುಗುವ ಬಳೆಯ ಅಂಚಿನಲ್ಲಿರುವ ಒಂದು ಕೆ.ಜಿ.ಯನ್ನು ಓಡಿಸಲು, ನಿಲ್ಲಿಸಲು, ಡಿಕ್ಕಿಯಲ್ಲಿ ಇಟ್ಟ ಎರಡು ಕೆ.ಜಿ.ಗೆ ಬೇಕಾಗುವಷ್ಟು ಶ್ರಮ ಬೇಕು. ಪೆಟ್ರೋಲ್ ಬಂಕಿನಲ್ಲಿ ಅದು ಗೊತ್ತಾಗುತ್ತದೆ.

ಮೀಟರಿನ ವಿಷಯ ಚಿಕ್ಕದಾದರೂ ಹೇಳಬೇಕು. ಮೊದಲು ಮೀಟರ್ ಸರಿಯಾಗಿ 80 ತೋರಿಸುತ್ತಿತ್ತು ಎಂದಾದರೆ, 235/75 ಹಾಕಿದ ಮೇಲೆ ಮುಳ್ಳು 80ರಲ್ಲಿದ್ದಾಗ ಗಾಡಿ ಓಡುತ್ತಿರುವುದು 84ಕ್ಕಿಂತ ಮೇಲೆ. ಕಂಪನಿಗಳ ಮೀಟರು ಹೇಗೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಸರಿಹೋಗುತ್ತದೆ ಬಿಡಿ ಎನ್ನುವವರಿದ್ದಾರೆ. ಹೌದು, ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎನ್ನುತ್ತದೆ, ಹಾಗಾಗಿ ಕಂಪನಿಗಳು ಒಂದಿಷ್ಟು ಅಂತರ ಇಟ್ಟಿರುತ್ತವೆ. ಆ ಅಂತರ ನಿಮ್ಮ ಸುರಕ್ಷತೆಗೆ ಇಟ್ಟದ್ದು. ಅದನ್ನು ಟೈರಿಗೆ ಖರ್ಚು ಮಾಡಿದರೆ ಕ್ಯಾಮೆರಾ ಇರುವ ಹೆದ್ದಾರಿಯಲ್ಲಿ ದಂಡದ ಚೀಟಿ ಮನೆಗೆ ಬರುತ್ತದೆ. ಓಡೋಮೀಟರು ಸಹ ನಿಜವಾಗಿ 10,000 ಕಿ.ಮೀ. ಓಡಿದಾಗ ಸುಮಾರು 9,450 ತೋರಿಸುತ್ತದೆ, ಎಂಜಿನ್ ಆಯಿಲ್ ಬದಲಿಸುವ ದಿನ ಹಿಂದೆ ಬೀಳುತ್ತದೆ.

ಹಾಗಾದರೆ ಒಂದಿಂಚೂ ಕದಲಬಾರದೇ? ಟೈರಿನಂಗಡಿಯವರಲ್ಲಿ ಶೇಕಡಾ 3ರ ಒಂದು ವಾಡಿಕೆ ಇದೆ. ಒಟ್ಟು ವ್ಯಾಸ ಕಂಪನಿಯದಕ್ಕಿಂತ ಶೇಕಡಾ 3ರ ಒಳಗೆ ಹೆಚ್ಚು ಕಡಿಮೆಯಾದರೆ ತೊಂದರೆ ಇಲ್ಲ ಎನ್ನುತ್ತಾರೆ. ನನಗೂ ಅದು ಒಪ್ಪಬಹುದಾದ ಗೆರೆ ಎನಿಸುತ್ತದೆ. ಜಿಮ್ನಿಯ 215/75 ಆರ್ 15 ಶೇಕಡಾ 1.5ರಲ್ಲಿ ಆರಾಮಾಗಿ ಒಳಗೆ ಬರುತ್ತದೆ. ಆ ಅಳತೆಯಲ್ಲಿ ಒಳ್ಳೆಯ ಆಲ್ ಟೆರೈನ್ ಟೈರು ಸಿಕ್ಕಿ 195ರಲ್ಲಿ ಸಿಗದೆ ಹೋದರೆ ಹಾಕಿಕೊಳ್ಳಿ, ಎತ್ತರ ಸಿಗುತ್ತದೆಂದು ಮಾತ್ರ ಹಾಕಬೇಡಿ. 235/75 ಗೆರೆ ದಾಟಿತು. ಆದರೆ ವ್ಯಾಸದ ಲೆಕ್ಕವೊಂದೇ ಸಾಲದು ಎಂಬುದನ್ನು ಅಂಗಡಿಯಲ್ಲಿ ಹೇಳುವುದು ಕಡಿಮೆ. ಜಿಮ್ನಿಯ ರಿಮ್ಮಿನ ಅಗಲ ಐದೂವರೆ ಇಂಚು, 235/75 ಆರ್ 15ಕ್ಕೆ ಕನಿಷ್ಠ ಆರಿಂಚಿನ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಟ್ರೆಡ್ಡು ಉಬ್ಬಿ ನಡುವೆ ಮಾತ್ರ ಸವೆಯುತ್ತದೆ. ಅಗಲದ ರಿಮ್ ತಂದರೆ ಆಫ್‌ಸೆಟ್ ಪ್ರಶ್ನೆ ಬರುತ್ತದೆ. ರಿಮ್ಮಿನ ನಡುಗೆರೆ ಹಬ್ಬಿಗೆ ಕೂರುವ ಮುಖದಿಂದ ಎಷ್ಟು ಒಳಗೆ, ಎಷ್ಟು ಹೊರಗೆ ಇದೆ ಎಂಬುದೇ ಆಫ್‌ಸೆಟ್. ಚಕ್ರ ಹೊರಗೆ ಬಂದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಕಲ್ಲು ತಾಗಿದಾಗ ಸ್ಟೀರಿಂಗ್ ಕೈಯಿಂದ ಜಿಗಿಯುತ್ತದೆ, ಜಿಮ್ನಿಯಂತೆ ಮುಂದೆಯೂ ಇಡಿ ಆಕ್ಸಲ್ ಇರುವ ಗಾಡಿಗಳಲ್ಲಿ ಸ್ಟೀರಿಂಗ್ ಗಡಗಡ ನಡುಗುವ ರೋಗ ಉಲ್ಬಣಿಸುತ್ತದೆ. ಒಳಗೆ ಹೋದರೆ ಪೂರ್ತಿ ತಿರುಗಿಸಿದಾಗ ಟೈರು, ಆಕ್ಸಲನ್ನು ಹಿಡಿದಿಡುವ ರೇಡಿಯಸ್ ಆರ್ಮಿಗೆ ಉಜ್ಜುತ್ತದೆ.

ಅಂಗಡಿಯ ಸಮತಟ್ಟಾದ ನೆಲದಲ್ಲಿ ನಿಂತ ಗಾಡಿಯನ್ನು ನೋಡಿ ಎಲ್ಲೂ ತಾಗುವುದಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಟೈರು ಮಡ್‌ಗಾರ್ಡಿನ ಒಳಕ್ಕೆ ನುಗ್ಗುವುದು ಒಂದು ಚಕ್ರ ದಿಣ್ಣೆಯ ಮೇಲೆ, ಎದುರಿನದು ಗುಂಡಿಯಲ್ಲಿ ಇದ್ದಾಗ. ಹಣ ಕೊಡುವ ಮೊದಲು ಮುಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಿಸಿ, ಒಂದನ್ನು ದಿಣ್ಣೆಗೋ ರ‍್ಯಾಂಪಿಗೋ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ರಿವರ್ಸಿನಲ್ಲೂ ನೋಡಿ, ಹಲವು ಗಾಡಿಗಳಲ್ಲಿ ಮೊದಲ ಉಜ್ಜಾಟ ಕೇಳಿಸುವುದು ಆಗಲೇ. ಬೆರಳು ತೂರುವ ಸಂದು ಸಾಲದು. ಕೆಸರು, ಚಿಕ್ಕ ಕಲ್ಲು ಸಿಕ್ಕಿಕೊಳ್ಳದೆ ಹೊರಬೀಳುವಷ್ಟು ಜಾಗ ಬೇಕು.

ಯೂಟ್ಯೂಬಿನಲ್ಲಿ ಆಸ್ಟ್ರೇಲಿಯಾದವರು, ಅಮೆರಿಕದವರು 33, 35 ಇಂಚಿನ ಟೈರು ಹಾಕಿ ಬಂಡೆ ಹತ್ತುವುದನ್ನು ತೋರಿಸಿ, ಅವರಿಗೆ ಆದದ್ದು ನಮಗೇಕೆ ಆಗದು ಎಂದು ಕೇಳುವವರು ಅನೇಕರು. ಆ ಗಾಡಿಗಳ ಕೆಳಗೆ ಬಗ್ಗಿ ನೋಡಿದರೆ ಉತ್ತರ ಕಾಣುತ್ತದೆ. ಡಿಫರೆನ್ಷಿಯಲ್‌ನ ಕ್ರೌನ್ ಪಿನಿಯನ್ ಬದಲಾಗಿ ಗೇರಿಂಗ್ ಸರಿಹೋಗಿರುತ್ತದೆ, ಸ್ಪ್ರಿಂಗ್, ಶಾಕ್, ಬ್ರೇಕು ಬದಲಾಗಿರುತ್ತವೆ. ಅದು ಬೇರೆಯದೇ ಗಾಡಿ. ನಾವು ಮಾತಾಡುತ್ತಿರುವುದು ಏನೂ ಬದಲಾಗದ ಗಾಡಿಯ ಬಗ್ಗೆ, ಅಲ್ಲಿ ಟೈರನ್ನೊಂದೇ ಹಿಗ್ಗಿಸಿದರೆ ಅದರ ಹೊರೆ ಉಳಿದ ಭಾಗಗಳ ಮೇಲೆ ಬೀಳುತ್ತದೆ.

ಅಳತೆಗಿಂತ ಹೆಚ್ಚು ಫಲ ಕೊಡುವುದು ಟೈರಿನ ಜಾತಿ. ಶೋರೂಮಿನಿಂದ ಬರುವ ಟೈರುಗಳಲ್ಲಿ ಡಾಂಬರು ರಸ್ತೆಗೆ ಒಲಿದ ಎಚ್‌ಟಿ ಬಗೆಯವು ಸಾಮಾನ್ಯ. ಅದೇ ಅಳತೆಯಲ್ಲಿ ಎಟಿ, ಅಂದರೆ ಆಲ್ ಟೆರೈನ್ ಹಾಕಿದರೆ ಟ್ರೆಡ್ಡಿನ ಗಟ್ಟಿಗಳ ನಡುವೆ ಜಾಗ ಹೆಚ್ಚು, ಕೆಸರು ಹೊರಬೀಳುತ್ತದೆ, ಕಲ್ಲಿನ ಕಚ್ಚು ತಡೆಯುತ್ತದೆ. ತೋಟ, ಹೊಲ, ಆಗಾಗ ಘಾಟಿ, ಉಳಿದಂತೆ ಪೇಟೆ ಎನ್ನುವ ಬಹುಪಾಲು ಜನರಿಗೆ ಇದೇ ತಕ್ಕದ್ದು. ಎಂಟಿ ಅಥವಾ ಮಡ್ ಟೆರೈನ್ ನಿತ್ಯ ಕೆಸರಿನಲ್ಲೇ ಇರುವ ಗಾಡಿಗೆ ಮಾತ್ರ. ಒದ್ದೆ ಡಾಂಬರಿನಲ್ಲಿ ಅದರ ಬ್ರೇಕಿಂಗ್ ಹಿಡಿತ ಕಡಿಮೆ, ಸದ್ದು ವಿಪರೀತ, ಸವೆತವೂ ಬೇಗ. ಕೊಳ್ಳುವಾಗ ಅಳತೆಯ ಪಕ್ಕದ ಸಂಖ್ಯೆ, ಅಕ್ಷರಗಳನ್ನು ಓದಿ. 96 ಎಂದಿದ್ದರೆ ಆ ಟೈರು 710 ಕೆ.ಜಿ. ಹೊರಬಲ್ಲದು, 111 ಎಂದಿದ್ದರೆ 1090 ಕೆ.ಜಿ. ಎಸ್ ಎಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ, ಕ್ಯೂ ಎಂದರೆ 160. ಕಂಪನಿ ಹೇಳಿದ ಭಾರದ ಸಂಖ್ಯೆಗಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ತೀರಾ ಮೇಲೂ ಹೋಗಬೇಡಿ: ಲೋಡ್ ರೇಂಜ್ ಇ ಎಂದಿರುವ ಎಲ್‌ಟಿ ಟೈರುಗಳು 80 ಪಿಎಸ್‌ಐ ಹಿಡಿದು ಟ್ರಕ್ಕಿನ ಭಾರ ಹೊರಲು ಮಾಡಿದಂಥವು, ಹಗುರಾದ ಜಿಮ್ನಿಯ ಕೆಳಗೆ ಅವು ಮಣಿಯದೆ ಮರದ ಚಕ್ರದಂತೆ ಪುಟಿಯುತ್ತವೆ. ತಯಾರಾದ ದಿನಾಂಕ ನಾಲ್ಕು ಅಂಕಿಗಳಲ್ಲಿ ಇರುತ್ತದೆ, 2325 ಎಂದರೆ 2025ರ 23ನೇ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರು ಬೇಡ.

ಐದೂ ಟೈರು ಒಂದೇ ಅಳತೆ, ಒಂದೇ ಬಗೆಯದಿರಲಿ. ಜಿಮ್ನಿಯಲ್ಲೂ ಫೋರ್ ವೀಲ್ ಥಾರಿನಲ್ಲೂ ಇರುವುದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಮುಂದೆ ಹೊಸ ಟೈರು ಹಿಂದೆ ಸವೆದದ್ದು, ಅಥವಾ ಹಿಂದೆ ಮಾತ್ರ ದೊಡ್ಡದು ಹಾಕಿಕೊಂಡರೆ ಒಂದು ಸುತ್ತಿಗೆ ಕ್ರಮಿಸುವ ದೂರ ಬೇರೆಯಾಗಿ, ಆ ತಿಕ್ಕಾಟವೆಲ್ಲ ಎರಡು ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಬೀಳುತ್ತದೆ. ಖರ್ಚು ಉಳಿಸಲು ನಾಲ್ಕೇ ಟೈರು ಬದಲಿಸಿ ಹಳೆಯ ಸ್ಟೆಪ್ನಿ ಬಿಟ್ಟವರಿಗೆ ಕಾಡಿನ ನಡುವೆ ಪಂಕ್ಚರ್ ಆದ ದಿನ ಇದು ಅರ್ಥವಾಗುತ್ತದೆ.

ಕಾನೂನೂ ಹಗುರವಾದದ್ದಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಕಂಪನಿಯೇ ಆ ಮಾಡೆಲಿಗೆ ನಮೂದಿಸಿದ ಅಳತೆಯಲ್ಲಿದ್ದರೆ ರಸ್ತೆ ಬದಿಯಲ್ಲಿ, ವಿಮೆಯ ಕ್ಲೇಮಿನಲ್ಲಿ, ವಾರಂಟಿಯ ಮಾತು ಬಂದಾಗ ವಾದಕ್ಕೆ ಎಡೆಯೇ ಇರುವುದಿಲ್ಲ.

ಟೈರು ಬದಲಿಸಬೇಕೆಂದು ಹೊರಟಿದ್ದರೆ ಮೊದಲು ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಸ್ಟಿಕ್ಕರ್ ಓದಿ. ಅಳತೆ, ಗಾಳಿ ಎರಡೂ ಅಲ್ಲಿವೆ. ದೊಡ್ಡ ಟೈರಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಒಳ್ಳೆಯ ಗೇಜು, 12 ವೋಲ್ಟಿನ ಪಂಪು ಕೊಳ್ಳಿ. ಟೈರು ತಣ್ಣಗಿದ್ದಾಗ ಅಳೆಯಿರಿ. ಕಲ್ಲುಮಣ್ಣಿನ ದಾರಿಗೆ ಸ್ಟಿಕ್ಕರಿನ ಸಂಖ್ಯೆಯಿಂದ ನಾಲ್ಕನೇ ಒಂದು ಭಾಗ ಇಳಿಸಿದರೆ ಸಾಕು. ಕೆಸರಿಗೆ 18ರಿಂದ 20 ಪಿಎಸ್‌ಐ, ಮರಳಿಗೆ 15; ಅದಕ್ಕೂ ಕೆಳಗೆ ಹೋದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಚೂಪುಗಲ್ಲಿನ ಜಾಗದಲ್ಲಿ ತೀರಾ ಇಳಿಸಬೇಡಿ, ಉಬ್ಬಿದ ಸೈಡ್‌ವಾಲ್ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ. ಗಾಳಿ ಇಳಿಸಿದ ಗಾಡಿಯನ್ನು 30–40 ಕಿ.ಮೀ. ವೇಗ ಮೀರಿ ಓಡಿಸಬೇಡಿ, ಡಾಂಬರು ರಸ್ತೆ ಸೇರಿದ ಕೂಡಲೇ ಬದಿಗೆ ನಿಲ್ಲಿಸಿ ಪಂಪು ಹಾಕಿ ಮೊದಲಿನ ಸಂಖ್ಯೆಗೆ ತನ್ನಿ. ಕಂಪನಿ ಕೊಟ್ಟ ಅಳತೆಯಲ್ಲಿ ಹೀಗೆ ಒಂದು ಮಳೆಗಾಲ ಓಡಿಸಿ ನೋಡಿ. ಆಮೇಲೂ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತಿದ್ದರೆ ಮಾತ್ರ ದೊಡ್ಡ ಟೈರಿನ ಯೋಚನೆ ಮಾಡಿ.